ರವಿರಾಜ ಒತ್ತಿದ ಹೆಬ್ಬೆರಳು

"ಇನ್ನು ಮುಂದೆ ದೊಡ್ಡಮ್ಮನ ವಿಷಯದಲ್ಲಿ ಒಂದೇ ಒಂದು ಲೋಪ ಆಗ್ಲಿಕ್ಕಿಲ್ಲ! ಎಲ್ಲ ಸಿಸ್ಟಮ್ ಪ್ರಕಾರ!"

ಮೂಡುಬಿದಿರೆಯ ರವಿರಾಜ ಹೀಗೆ ಘೋಷಿಸಿದಾಗ ಅವನ ಬಾಯಲ್ಲಿ ಅರ್ಧ ನೀರುದೋಸೆ ಇತ್ತು. ಘೋಷಣೆ ಕೇಳಲು ನೆರೆದಿದ್ದ ಮಹಾಸಭೆ ಎಂದರೆ ಹೆಂಡತಿ ಗ್ರೀಷ್ಮಾ ಒಬ್ಬಳೇ. ಅವಳೂ ಕಾವಲಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಎಂತ ಸಿಸ್ಟಮ್?"

"ಬಂಟ್ವಾಳದಲ್ಲಿ ಒಂದು ಆಫೀಸು ಉಂಟು. ವಯಸ್ಸಾದವರ ಡಾಕ್ಟರು, ಮಾತ್ರೆ, ರಕ್ತ ಪರೀಕ್ಷೆ ಎಲ್ಲ ಅವರೇ ಹೊಂದಿಸ್ತಾರೆ. ಕೇರ್ ಮ್ಯಾನೇಜರ್ ಅಂತ ಹೇಳುದು. ನಾವು ತಲೆಬಿಸಿ ಮಾಡುವ ಕೆಲಸವೇ ಇಲ್ಲ!"

"ನಿಮ್ಮ ಅಂಗಡಿಯಿಂದ ದೊಡ್ಡಮ್ಮನ ಮನೆಗೆ ಹತ್ತು ನಿಮಿಷ. ಅದೂ ನಡ್ಕೊಂಡು ಹೋದ್ರೆ! ಅದಕ್ಕೆ ಬಂಟ್ವಾಳದಿಂದ ಜನ ಬರ್ಬೇಕಾ ಮಾರಾಯ್ರೇ?"

"ಆ ಹತ್ತು ನಿಮಿಷ ನನ್ನತ್ರ ಎಲ್ಲಿ ಉಂಟು?"

ಅದೂ ಸತ್ಯವೇ ಅನ್ನಿ. ಟೈಲ್ಸ್ ಮತ್ತು ಬಚ್ಚಲುಮನೆಯ ಸಾಮಾನಿನ ಅಂಗಡಿ, ವರ್ತಕರ ಸಂಘದ ಕಾರ್ಯದರ್ಶಿ ಪಟ್ಟ, ಹಳೆ ವಿದ್ಯಾರ್ಥಿಗಳ ಸಂಘದ ಉಪಾಧ್ಯಕ್ಷ ಪಟ್ಟ, ಇದೆಲ್ಲದರ ಮೇಲೆ ಆರು ವಾಟ್ಸ್‌ಆ್ಯಪ್ ಗುಂಪುಗಳ ಆಡಳಿತ. ಇಷ್ಟು ದೊಡ್ಡ ಸಾಮ್ರಾಜ್ಯ ನಡೆಸುವವನಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ಆದರೆ ರವಿರಾಜನಿಗೆ ದೊಡ್ಡಮ್ಮನ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಬಾಯಿ ಸೇದಿಹೋಗಲಿ! ಅವನು ನಾಲ್ಕು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಎತ್ತಿಕೊಂಡು ಹೋಗಿ ಸಾಕಿದವರು ತಾಯಿಯ ಅಕ್ಕ ಅನಂತಮತಿ. ಅವರಿಗೆ ಸ್ವಂತ ಮಕ್ಕಳಿಲ್ಲ. ಗಂಡ ಹೋದ ಮೇಲೆ ಬಸದಿಯ ಹಿಂದಿನ ಸಣ್ಣ ಮನೆಯಲ್ಲಿ, ಎಪ್ಪತ್ತೊಂಬತ್ತರ ಪ್ರಾಯದಲ್ಲಿ, ಮಂಡಿನೋವನ್ನೂ ಬಿಪಿಯನ್ನೂ ಸುಧಾರಿಸಿಕೊಂಡು ಇದ್ದರು. ಅವರು ಫೋನ್ ಮಾಡಿದಾಗಲೆಲ್ಲ ರವಿರಾಜ "ನಾಳೆ ಬರ್ತೇನೆ ದೊಡ್ಡಮ್ಮ" ಎನ್ನುತ್ತಿದ್ದ. ಹಾಗೆ ಹೇಳುವಾಗ ನಿಜವಾಗಿಯೂ ಬರಬೇಕೆಂದೇ ಅವನಿಗೆ ಅನಿಸುತ್ತಿತ್ತು.

ಕೇರ್ ಮ್ಯಾನೇಜರ್ ಬಂದಳು. ಹೆಸರು ನಸೀಬಾ, ನರ್ಸಿಂಗ್ ಕಲಿತ ಚುರುಕು ಹುಡುಗಿ. ಅಂಗಡಿಯಲ್ಲೇ, ಸಾಲಾಗಿ ಜೋಡಿಸಿಟ್ಟ ಕಮೋಡುಗಳ ನಡುವೆ ಕುರ್ಚಿ ಹಾಕಿ ಕೂತು, ಹನ್ನೊಂದು ಪುಟದ ಫಾರ್ಮು ಬಿಡಿಸಿದಳು.

"ಅಮ್ಮನಿಗೆ ಊಟದಲ್ಲಿ ಏನಾದ್ರೂ ಕ್ರಮ ಉಂಟಾ ಸರ್?"

"ಎಲ್ಲ ತಿನ್ತಾರೆ. ವೆಜ್ಜು."

"ರಾತ್ರಿ ಎಷ್ಟು ಗಂಟೆಗೆ ಮಲಗ್ತಾರೆ?"

"ರಾತ್ರಿ… ಆದ ಮೇಲೆ."

"ಅವರ ಗೆಳತಿಯರು ಯಾರು?"

ರವಿರಾಜ ಫೋನು ನೋಡುತ್ತಿದ್ದವನು ತಲೆ ಎತ್ತಿದ. "ಇದೆಲ್ಲ ಎಂತಕ್ಕೆ? ನೋಡಿ, ಸಣ್ಣಪುಟ್ಟದಕ್ಕೆಲ್ಲ ನನಗೆ ಫೋನ್ ಮಾಡ್ಬೇಡಿ. ವಾಟ್ಸ್‌ಆ್ಯಪ್ ಹಾಕಿ. ದೊಡ್ಡಮ್ಮ ಕೇಳಿದ್ದಕ್ಕೆ ಇಲ್ಲ ಅನ್ಬಾರ್ದು. ನಾನು ನೋಡಿ ಒಪ್ಪಿಗೆ ಕೊಡ್ತೇನೆ."

ಶುರುವಾಯಿತು ನೋಡಿ ಸಿಸ್ಟಮ್! ಮರುದಿನವೇ ಸಂದೇಶ: "ಡಾಕ್ಟರು ಮನೆಗೇ ಬಂದು ನೋಡಿದರು. ಬಿಪಿ ಮಾತ್ರೆ ಬದಲಾಗಿದೆ." ಸಂಘದ ಸಭೆಯಲ್ಲಿದ್ದ ರವಿರಾಜ ಮೊದಲ ಎರಡು ಶಬ್ದ ಓದಿ, ಹೆಬ್ಬೆರಳಿನ ಚಿತ್ರ ಒತ್ತಿದ. ಎಷ್ಟು ಸುಲಭ! ಎರಡನೆಯ ವಾರಕ್ಕೆ ಆ ಮೊದಲ ಎರಡು ಶಬ್ದ ಓದುವುದನ್ನೂ ಬಿಟ್ಟ. ನಸೀಬಾ ಎಂಬ ಹೆಸರು ಕಂಡರೆ ಸಾಕು, ಬೆರಳು ತಾನಾಗಿ ಒತ್ತುತ್ತಿತ್ತು. ಗುಂಪುಗಳಲ್ಲಿ ಮಾತ್ರ ಉದ್ದುದ್ದ ಬರೆದ. "ಹಿರಿಯರ ಆರೈಕೆ ಎಂದರೆ ಭಾವನೆಯಲ್ಲ, ವ್ಯವಸ್ಥೆ!"

ಒಂದು ದಿನ ಬೆಳ್ತಂಗಡಿಯ ಆದೀಶ್ ವರ್ತಕರ ಸಂಘದ ಸಭೆಯಲ್ಲಿ ಸಿಕ್ಕಿದ. ಅವನದ್ದೂ ಟೈಲ್ಸ್ ಅಂಗಡಿ. ವ್ಯಾಪಾರದಲ್ಲಿ ರವಿರಾಜನ ಪರಮವೈರಿ, ಸಭೆಯಲ್ಲಿ ಪರಮಮಿತ್ರ.

"ಥ್ಯಾಂಕ್ಸ್ ಮಾರಾಯ! ನಿನ್ನ ದೊಡ್ಡಮ್ಮನ ಬಚ್ಚಲಿಗೆ ಹಿಡ್ಕೊಳ್ಳುವ ಸ್ಟೀಲಿನ ಹಿಡಿ ನಮ್ಮಲ್ಲಿಂದ್ಲೇ ಹೋದದ್ದು!"

ಹದಿನಾಲ್ಕು ನಮೂನೆಯ ಹಿಡಿ ಮಾರುವ ರವಿರಾಜನ ಮರ್ಯಾದೆ ನಾಲ್ಕು ಜನರ ಎದುರೇ ಹೋಯಿತು. ಹೊರಗೆ ಬಂದು ನಸೀಬಾಳಿಗೆ ಫೋನ್ ಮಾಡಿ ಹಾರಾಡಿದ.

"ಸರ್, 'ನಿಮ್ಮ ಅಂಗಡಿಯಿಂದ ಕಳಿಸ್ತೀರಾ, ಬೇರೆ ಕಡೆಯಿಂದ ತರ್ಲಾ' ಅಂತ ಕೇಳಿದ್ದೆ. ನೀವು ಹೆಬ್ಬೆರಳು ಒತ್ತಿದ್ರಿ. ಎಂಟು ದಿನ ಕಾದೆ. ಅಮ್ಮ ಜಾರಿ ಬಿದ್ರೆ ಅಂತ ಹೆದರಿಕೆಯಾಗಿ ಬೇರೆ ಕಡೆಯಿಂದ ತಂದೆ."

"ಸರಿ ಸರಿ," ಎಂದ ರವಿರಾಜ. ಬುದ್ಧಿ ಇದ್ದವನಿಗೆ ಅಷ್ಟು ಸಾಕಿತ್ತು.

ಆದರೆ ಕೀರ್ತಿ ಬೆಳೆಯುತ್ತಿತ್ತು! ಹಿರಿಯ ನಾಗರಿಕರ ದಿನಕ್ಕೆ ವರ್ತಕರ ಸಂಘ ಅವನಿಗೆ 'ಆದರ್ಶ ಸುಪುತ್ರ' ಸನ್ಮಾನ ಮಾಡುವುದೆಂದು ನಿಶ್ಚಯಿಸಿತು. ಬ್ಯಾನರಿಗೆ ದೊಡ್ಡಮ್ಮನ ಜೊತೆಗಿನ ಒಂದು ಫೋಟೋ ಬೇಕಿತ್ತು. ಭಾನುವಾರ ಬೆಳಗ್ಗೆ ರವಿರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿ, ಆ ಹತ್ತು ನಿಮಿಷದ ದಾರಿಯನ್ನು ನಡೆದೇ ಹೋದ. ಎಷ್ಟು ತಿಂಗಳ ಮೇಲೆ ಹೋಗುತ್ತಿದ್ದೇನೆ ಎಂದು ಲೆಕ್ಕ ಹಾಕಲು ಅವನಿಗೆ ಧೈರ್ಯ ಬರಲಿಲ್ಲ.

ಬಾಗಿಲಿಗೆ ಬೀಗ! ಪಕ್ಕದ ಮನೆಯ ಪೂವಮ್ಮ ಅಂಗಳದಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ರವಿರಾಜ ಆ ಪಾತ್ರೆಯನ್ನೇ ನೋಡಿದ. ಅದು ದೊಡ್ಡಮ್ಮ ಪಾಯಸ ಮಾಡುವ ಹಿತ್ತಾಳೆಯದ್ದು.

"ಪೂವಮ್ಮ, ದೊಡ್ಡಮ್ಮ ಎಲ್ಲಿ?"

"ಅಯ್ಯೋ, ಅಮ್ಮ ಹೋಗಿ ಇವತ್ತಿಗೆ ಹನ್ನೊಂದು ದಿನ ಆಯ್ತಲ್ಲ!"

ರವಿರಾಜ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಕಕ್ಕಿಂಜೆಗೆ," ಎಂದಳು ಪೂವಮ್ಮ. "ಹಿರಿಯರನ್ನು ಇಟ್ಟುಕೊಳ್ಳುವ ಮನೆ ಉಂಟಂತೆ. ಕಾರಲ್ಲಿ ಕರ್ಕೊಂಡು ಹೋದ್ರು. ನಿಮಗೆ ಗೊತ್ತುಂಟು ಅಂದ್ರಲ್ಲ?"

ಕೂತಲ್ಲಿಂದಲೇ ನಸೀಬಾಳಿಗೆ ಫೋನ್. ಅವಳು ಸಿಟ್ಟಾಗಲಿಲ್ಲ. ತಾನು ಕಳಿಸಿದ್ದ ಸಂದೇಶಗಳನ್ನು ಒಂದೊಂದಾಗಿ ಓದಿದಳು.

"'ಅಮ್ಮನಿಗೆ ಮಾತನಾಡಲು ಜನ ಇಲ್ಲದೆ ಬೇಸರವಾಗುತ್ತಿದೆ. ವಾರಕ್ಕೊಮ್ಮೆ ನೀವು ಬಂದು ಕೂತರೆ ಒಳ್ಳೆಯದು.' ನೀವು ಹೆಬ್ಬೆರಳು ಒತ್ತಿದ್ರಿ ಸರ್. ಅಮ್ಮ ನಾಲ್ಕು ಭಾನುವಾರ ಬಾಗಿಲಲ್ಲೇ ಕೂತಿದ್ರು. 'ಅಮ್ಮ ಪಾತ್ರೆಗಳನ್ನು ಪೂವಮ್ಮನಿಗೆ ಕೊಡುತ್ತಾರಂತೆ.' ಹೆಬ್ಬೆರಳು. 'ಕಕ್ಕಿಂಜೆಯ ಹಿರಿಯರ ಮನೆಗೆ ಒಂದು ತಿಂಗಳ ಮಟ್ಟಿಗೆ ಹೋಗುತ್ತಾರಂತೆ, ನಿಮ್ಮ ಅಭಿಪ್ರಾಯ?' ಆವತ್ತು ಎರಡು ಸಲ ಫೋನೂ ಮಾಡಿದೆ, ನೀವು ಕಟ್ ಮಾಡಿದ್ರಿ. ಆಮೇಲೆ ಹೆಬ್ಬೆರಳು."

ಹೆಂಡತಿಗೆ ಫೋನ್ ಮಾಡಿದರೆ ಅಲ್ಲಿ ಇನ್ನೊಂದು ಪೆಟ್ಟು.

"ನನಗೆ ಗೊತ್ತಿತ್ತು," ಎಂದಳು ಗ್ರೀಷ್ಮಾ. "ದಿನಾ ಫೋನಲ್ಲಿ ಮಾತಾಡ್ತೇನೆ. ಅವನಿಗೆ ಹೇಳ್ಬೇಡ, ಅವನಾಗಿ ಯಾವಾಗ ಕೇಳ್ತಾನೆ ನೋಡುವ ಅಂದ್ರು ದೊಡ್ಡಮ್ಮ. ಹನ್ನೊಂದು ದಿನದಲ್ಲಿ ನೀವು ಒಂದು ಸಲವಾದ್ರೂ ಅವರ ಹೆಸರೆತ್ತಿದ್ದೀರಾ?"

ಎತ್ತಿದ್ದ. ಭಾಷಣದಲ್ಲಿ. ಆದರೆ ಅದನ್ನು ಹೇಳುವಷ್ಟು ಮೂರ್ಖ ಅವನಲ್ಲ.

ವೇಣೂರು, ಬೆಳ್ತಂಗಡಿ, ಉಜಿರೆ ದಾಟಿ ಕಕ್ಕಿಂಜೆ ಮುಟ್ಟಲು ಒಂದೂವರೆ ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡ. ಗೇಟಿನಲ್ಲಿ ವಾರ್ಡನ್ ತಡೆದರು. ಭೇಟಿ ನಾಲ್ಕರಿಂದ ಐದು. ಫೋನು ಗೇಟಿನಲ್ಲಿ ಕೊಟ್ಟು ಒಳಗೆ ಹೋಗಬೇಕು.

"ನಾನು ಅವರ ಮಗನ ಹಾಗೆ!"

"ಇಲ್ಲಿಗೆ ಬರುವವರೆಲ್ಲ ಹಾಗೆಯೇ ಹೇಳುದು ಸರ್. ಕೂತ್ಕೊಳ್ಳಿ."

ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ತಾಸು ಕೂತ. ನಡುವೆ ಆದೀಶನ ಫೋನ್: "ಫೋಟೋ ಎಲ್ಲಿ ಮಾರಾಯ? ಬ್ಯಾನರು ಪ್ರಿಂಟಿಗೆ ಹೋಗ್ಬೇಕು!"

"ನನ್ನ ಹೆಸರು ತೆಗೆದುಬಿಡು. ಕಾರಣ ಕೇಳ್ಬೇಡ," ಎಂದು ಇಟ್ಟುಬಿಟ್ಟ.

ನಾಲ್ಕಕ್ಕೆ ಒಳಗೆ ಬಿಟ್ಟರು. ದೊಡ್ಡಮ್ಮ ಇನ್ನೊಬ್ಬ ಅಜ್ಜಿಯ ಎದುರು ಚೆನ್ನೆಮಣೆ ಆಡುತ್ತಿದ್ದರು. ಕೈಲಿದ್ದ ಕಾಯಿಗಳನ್ನೆಲ್ಲ ಗುಳಿಗಳಿಗೆ ಹಾಕಿ ಮುಗಿಸಿದ ಮೇಲೆಯೇ ತಲೆ ಎತ್ತಿದರು.

"ಬಂದಿಯಾ? ಊಟ ಆಯ್ತಾ?"

"ದೊಡ್ಡಮ್ಮ, ಹೊರಡಿ! ಮನೆಗೆ ಹೋಗುವ. ನಾನು ಅದನ್ನೆಲ್ಲ ಓದ್ಲೇ ಇಲ್ಲ…"

"ಗೊತ್ತುಂಟು." ದೊಡ್ಡಮ್ಮನ ಸ್ವರದಲ್ಲಿ ಕೋಪ ಇರಲಿಲ್ಲ. "ಪಾತ್ರೆ ಕೊಡ್ತೇನೆ ಅಂತ ಬರೆಸಿದ್ದು ನಾನೇ. ಪಾತ್ರೆ ಕೊಟ್ರೆ ದೊಡ್ಡಮ್ಮ ಅಡಿಗೆ ಎಂತದ್ರಲ್ಲಿ ಮಾಡುದು ಅಂತ ಕೇಳ್ಲಿಕ್ಕಾದ್ರೂ ನೀನು ಫೋನ್ ಮಾಡ್ತಿ ಅಂತ ಗ್ರಹಿಸಿದೆ. ಫೋನು ತಲೆದಿಂಬಿನ ಹತ್ರ ಇಟ್ಟುಕೊಂಡೇ ಮಲಗ್ತಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದ್ರೂ ಇಲ್ಲಿಯ ಫಾರ್ಮಿಗೆ ಓದಿ ಸಹಿ ಹಾಕಿದ್ದೇನೆ. ನಿನ್ನನ್ನು ಬಿ.ಕಾಂ. ಮಾಡಿಸಿ, ಕೊನೆಗೆ ನೀನು ಹೆಬ್ಬೆಟ್ಟು ಒತ್ತುವ ಹಾಗಾಯ್ತಲ್ಲ ಮಗಾ!"

ಚೆನ್ನೆಮಣೆಯ ಅಜ್ಜಿ ಕಿಸಕ್ಕನೆ ನಕ್ಕರು. ರವಿರಾಜನಿಗೆ ಅಳು ಬಂತು. ನಲವತ್ತಾರರ ಪ್ರಾಯದ ಗಂಡಸು, ವರ್ತಕರ ಸಂಘದ ಕಾರ್ಯದರ್ಶಿ, ಇಸ್ತ್ರಿಯ ಅಂಗಿಯ ತೋಳಲ್ಲಿ ಮೂಗು ಒರಸಿಕೊಂಡ.

"ತಪ್ಪಾಯ್ತು ದೊಡ್ಡಮ್ಮ. ಈಗ ಬನ್ನಿ."

"ಒಂದು ತಿಂಗಳು ಅಂತ ಬಂದದ್ದು, ಮುಗಿಲಿ. ಇಲ್ಲಿ ನಮ್ಮ ಜೈನರ ಕ್ರಮದ ಹಾಗೆ ಹೊತ್ತು ಮುಳುಗುವ ಮೊದ್ಲು ನನಗೆ ಊಟ ಕೊಡ್ತಾರೆ. ನಸೀಬಾ ಹೇಳಿ ಮಾಡಿಸಿದ್ದು. ಫಾರ್ಮಿನಲ್ಲಿ ನೀನು ಬರೆಸಿರ್ಲಿಲ್ವಂತೆ." ಚೆನ್ನೆಮಣೆಯನ್ನು ಬದಿಗೆ ಸರಿಸಿ ಹೇಳಿದರು, "ಇನ್ನೆರಡು ಭಾನುವಾರ ಉಂಟು. ಬಂದು ನನ್ನತ್ರ ಕೂತ್ಕೊ. ಕೂತ್ಕೊಳ್ಲಿಕ್ಕೆ ಆಗ್ತದೆ ಅಂತಾದ್ರೆ ಮನೆಗೆ ಬರ್ತೇನೆ. ಇಲ್ಲದಿದ್ರೆ ಅಲ್ಲಿ ಬಂದು ಯಾರ ದಾರಿ ಕಾಯುದು?"

"ಇವತ್ತಿಂದ್ಲೇ ಕೂತ್ಕೊಳ್ತೇನೆ!" ಎಂದು ರವಿರಾಜ ಗಟ್ಟಿಯಾಗಿ ಕೂತ.

ಕೂತದ್ದೇನೋ ಕೂತ. "ಮಾತ್ರೆ ತಗೊಳ್ತೀರಾ?" ಎಂದ. "ತಗೊಳ್ತೇನೆ," ಎಂದರು. "ಊಟ ಹೇಗುಂಟು?" "ಒಳ್ಳೆದುಂಟು." "ಸೆಕೆ ಉಂಟಲ್ವಾ?" "ಉಂಟು." ಗೋಡೆಯ ಗಡಿಯಾರ ನೋಡಿದರೆ ನಾಲ್ಕು ಗಂಟೆ ಒಂಬತ್ತು ನಿಮಿಷ! ಮೈಕ್ ಸಿಕ್ಕಿದರೆ ಒಂದು ತಾಸು ಬಿಡದವನಿಗೆ, ತನ್ನನ್ನು ಸಾಕಿದವಳ ಎದುರು ಹತ್ತನೆಯ ನಿಮಿಷಕ್ಕೆ ಮಾತಿರಲಿಲ್ಲ. ಕೈ ಕಿಸೆಗೆ ಹೋಯಿತು. ಫೋನು ಗೇಟಿನಲ್ಲಿತ್ತು. ಕೈಯನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡಿದ.

"ದೊಡ್ಡಮ್ಮ," ಎಂದ ಕೊನೆಗೆ, ಸಣ್ಣ ಸ್ವರದಲ್ಲಿ. "ಎಂತ ಮಾತಾಡುದು ಅಂತ ನನಗೆ ಗೊತ್ತಾಗುದಿಲ್ಲ."

ದೊಡ್ಡಮ್ಮ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಗಡಿಬಿಡಿ ಇಲ್ಲ ಮಗಾ. ಮೊದಲ ಸಲವೂ ನಿನಗೆ ಮಾತು ಬರ್ಲಿಕ್ಕೆ ಮೂರು ವರ್ಷ ಹಿಡಿದಿತ್ತು. ಆಗಲೂ ಎದುರು ಕೂತು ಕಾದದ್ದು ನಾನೇ."