ಜಾನನ ಸೋದರತ್ತೆ ವಾಸಿಸುವ ಊರು

ಜಾನನ ಸೋದರತ್ತೆ ಯಾವ ಊರಲ್ಲಾದರೂ ಇದ್ದುಕೊಳ್ಳಲಿ ಎಂದು ಬು ತುಕಿನಾ ಸುಮ್ಮನಿದ್ದಿದ್ದರೆ, ಕುಂಚೊರೊ ಮೇಷ್ಟ್ರ ಆ ಭಾನುವಾರವೂ ಎಲ್ಲ ಭಾನುವಾರಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಆಕೆ ಸುಮ್ಮನಿರುವ ಪೈಕಿಯಲ್ಲ.

ಜಾವಾ ದ್ವೀಪದ ವೊನೊಸೊಬೊ ಪೇಟೆಯ ಆ ಓಣಿಗೆ ಮುಖಂಡರು ಪಾಕ್ ಸಮಿಂಗಾನ್; ಅಲ್ಲಿ ಹಿರಿಯ ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’ ಎನ್ನುವುದು ವಾಡಿಕೆ. ಬು ತುಕಿನಾ ಅವರ ಹೆಂಡತಿ, ಅಂದರೆ ನಿಜವಾದ ಮುಖಂಡಳು. ಮೇಷ್ಟ್ರು ಬಾಡಿಗೆಗಿದ್ದದ್ದು ಆಕೆಯ ಮನೆಯ ಮುಂಭಾಗದಲ್ಲೇ. ಬೆಟ್ಟ ನೋಡಲು ಬರುವ ವಿದೇಶಿಯರಿಗೆ ಕೋಣೆ ಕೊಟ್ಟು, ತಿಂಡಿ ಮಾರಿ ಬದುಕುವ ಓಣಿಯವರು ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಇಂಗ್ಲಿಷ್ ಕಲಿಯುತ್ತಿದ್ದರು. ಅವತ್ತಿನ ಪಾಠ ಹೊತ್ತು, ಜಾಗ ಮತ್ತು ಕಾರಣವನ್ನು ವಾಕ್ಯದೊಳಗೆ ಕೊಕ್ಕೆ ಹಾಕಿ ಕಟ್ಟುವುದು. ದಿನದ ಬೆನ್ನಿಗೆ ‘ವೆನ್’, ಜಾಗದ ಬೆನ್ನಿಗೆ ‘ವೇರ್’, ಕಾರಣದ ಬೆನ್ನಿಗೆ ‘ವೈ’.

“ಇದರಲ್ಲಿ ಹೊಸದೇನಿದೆ?” ಎಂದರು ಪಾಕ್ ಸಮಿಂಗಾನ್. “ಯಾವಾಗ ಬಂದ್ರಿ, ಎಲ್ಲಿಗೆ ಹೋಗಿದ್ರಿ, ಯಾಕೆ ತಡ ಆಯ್ತು. ನಮ್ಮನೇಲಿ ದಿನಾ ಇದೇ ಪಾಠ.”

“ಅದು ಪ್ರಶ್ನೆ, ಪಾಕ್. ಇಲ್ಲಿ ಪ್ರಶ್ನೆ ಕೇಳಲ್ಲ, ಗುರುತು ಹೇಳ್ತೀವಿ. ಯಾವ ದಿನ, ಯಾವ ಜಾಗ ಅಂತ ಕೇಳಿದೋರಿಗೆ ಥಟ್ಟನೆ ಹೊಳೀಬೇಕು. ಇನ್ನೊಂದು ಇರಬಹುದೇನೋ ಅಂತ ಅನುಮಾನವೇ ಬರಬಾರದು.”

ಹೀಗೆ ಹೇಳಿ ಮೇಷ್ಟ್ರು ಪುಸ್ತಕದಲ್ಲಿದ್ದ ಉದಾಹರಣೆಯನ್ನು ಹಲಗೆಯ ಮೇಲೆ ಬರೆದರು: ಲೀಡ್ಸ್ ಎಂಬುದು ಜಾನನ ಸೋದರತ್ತೆ ವಾಸಿಸುವ ಊರು.

“ಯಾರು ಈ ಜಾನ್?” ಎಂದು ಬು ತುಕಿನಾ ಕೇಳಿದರು. “ಕಂಡಿಲ್ಲ, ಕೇಳಿಲ್ಲ. ಅವನ ಅತ್ತೆ ಕಟ್ಕೊಂಡು ನಮಗೇನು? ನಮ್ಮ ಊರಿನ ಮಾತು ಹೇಳಿ, ಮೇಷ್ಟ್ರೇ. ತಲೆಗೆ ಹತ್ತುತ್ತೆ.”

ಎಲ್ಲರೂ ತಲೆಯಾಡಿಸಿದರು. ಕೊನೆಯ ಸಾಲಿನಲ್ಲಿದ್ದ ರತ್ರಿ ಕೂಡ ನಗುತ್ತಾ ತಲೆಯಾಡಿಸಿದಳು. ಮೇಷ್ಟ್ರ ಬುದ್ಧಿ ಕೆಟ್ಟದ್ದು ಆಗಲೇ.

ರತ್ರಿ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಸ್ಟಾಂಪು ಮಾರುವವಳು. ಒಂದು ಮಳೆಯ ಸಂಜೆ ಪೇಟೆಯ ದೀಪಗಳೆಲ್ಲ ಆರಿಹೋದಾಗ ಕುಂಚೊರೊ ಓಡಿಹೋಗಿ ಫೋಟೋಕಾಪಿ ಅಂಗಡಿಯ ಜಗಲಿ ಸೇರಿದ್ದರು. ಅಲ್ಲಿ ಕಿಕ್ಕಿರಿದವರ ನಡುವೆ ಒಬ್ಬಳು ಕೈಯಲ್ಲಿ ಚಪ್ಪಲಿ ಹಿಡಿದು, ಗಾಳಿಗೆ ಮಗುಚಿದ ತನ್ನ ಕೊಡೆಯನ್ನು ನೋಡಿ ತಾನೇ ನಗುತ್ತಿದ್ದಳು. ಅಂದಿನಿಂದ ಮೇಷ್ಟ್ರ ನೆಮ್ಮದಿ ಹೋಯಿತು. ಅಂಚೆ ಕಚೇರಿ ಆ ಅಂಗಡಿಯ ಎದುರಿಗೇ ಇದ್ದುದರಿಂದ ದಿನಾ ಹೋಗಿ ಬೇಕಿದ್ದುದನ್ನೂ ಬೇಡದ್ದನ್ನೂ ಕಾಪಿ ಮಾಡಿಸಿಕೊಂಡು, ರಸ್ತೆಯಾಚೆಯ ಕಿಟಕಿ ನೋಡಿಕೊಂಡು ಬರುತ್ತಿದ್ದರು. ಮೂವತ್ತಾರಕ್ಕೆ ಬಂದ ಗಂಡಸು, ಎರಡು ವರ್ಷದಿಂದ ಮನಸ್ಸಿನ ಒಂದು ಮಾತೂ ಆಡಿರಲಿಲ್ಲ. ಇವತ್ತು ವ್ಯಾಕರಣದ ಮರೆಯಲ್ಲಿ ಆಡಿಬಿಟ್ಟರೆ ಹೇಗೆ? ಅರ್ಥವಾದರೆ ಬಾಳು ಹಸನು, ಆಗದಿದ್ದರೆ ಪಾಠ.

ಮೇಷ್ಟ್ರು ಜಾನನ ಅತ್ತೆಯನ್ನು ಒರೆಸಿ ಬರೆದರು:

ಪೇಟೆಯ ದೀಪಗಳೆಲ್ಲ ಆರಿಹೋದ ದಿನವೇ ನಾನು ಅವಳನ್ನು ಮೊದಲು ಕಂಡ ದಿನ.

ಫೋಟೋಕಾಪಿ ಅಂಗಡಿಯ ಜಗಲಿಯೇ ನಾನು ಅವಳನ್ನು ಕಂಡ ಜಾಗ.

ನಾನು ದಿನಾ ಆ ಬೀದಿಗೆ ಹೋಗುವ ಕಾರಣ ಅವಳೇ.

ಬು ತುಕಿನಾ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು.

“ಮೇಷ್ಟ್ರೇ, ಇದು ಜಾನನ ಕಥೆ ಅಲ್ಲ.”

“ಬರೀ ಉದಾಹರಣೆ, ಬು.”

“ಉದಾಹರಣೆಗೆ ಕಿವಿ ಯಾಕೆ ಕೆಂಪಾಗುತ್ತೆ?”

ಅಷ್ಟು ಸಾಕಾಯಿತು. ಬೆಲ್ಲ ಕಂಡ ಇರುವೆಗಳಂತೆ ಎಲ್ಲರೂ ಹಲಗೆಗೆ ಮುತ್ತಿದರು. ಯಾರು, ಯಾರು ಎಂದು ಗುಜುಗುಜು ಶುರುವಾದಾಗ ಬು ತುಕಿನಾ ಕೈಯೆತ್ತಿ ತಡೆದರು. “ಹೆಸರು ಬೇಡ! ಹೆಣ್ಣು ಕೇಳೋಕೆ ಹೋಗೋ ಮುಂಚೆ ಹುಡುಗಿ ಹೆಸರು ಬಾಯಲ್ಲಿ ಬಂದ್ರೆ ಕೆಲಸ ಕೆಡುತ್ತೆ. ಹಿರಿಯರು ಸುಮ್ನೆ ಹೇಳಿಲ್ಲ.”

ರತ್ರಿ ಮೂರು ವಾಕ್ಯಗಳನ್ನೂ ಮತ್ತೆ ಮತ್ತೆ ಓದಿದಳು. ಓದುತ್ತಾ ಓದುತ್ತಾ ಅವಳ ಮುಖ ಅರಳಿತು.

“ನಂಗೆ ಗೊತ್ತಾಯ್ತು! ಎಷ್ಟು ಸ್ಪಷ್ಟವಾಗಿ ಬರೆದಿದೀರಿ ಸರ್. ದಿನ, ಜಾಗ, ಕಾರಣ ಮೂರೂ ಸೇರಿದ್ರೆ ಇನ್ಯಾರೂ ಆಗೋಕೆ ಸಾಧ್ಯವೇ ಇಲ್ಲ.” ನೇರ ಮೇಷ್ಟ್ರ ಕಣ್ಣಿಗೆ ಕಣ್ಣಿಟ್ಟು, “ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?” ಎಂದಳು.

“ಧೈರ್ಯ ಸಾಲ್ಲಿಲ್ಲ,” ಎಂದರು ಮೇಷ್ಟ್ರು.

“ಒಳ್ಳೆಯವರು ನೀವು. ಪಾಕ್, ಬು, ಸಂಜೆ ಎಲ್ಲರೂ ಹೊರಡಿ. ನಾನೇ ಮುಂದೆ ನಿಂತು ದಾರಿ ತೋರಿಸ್ತೀನಿ. ಅಪ್ಪನ್ನ ಒಪ್ಪಿಸೋದು ನಂಗೆ ಬಿಡಿ.”

ಆಮೇಲೆ ಅವಳು ಬು ತುಕಿನಾರ ಕಿವಿಯಲ್ಲಿ ಏನೋ ಉಸುರಿದಳು. ಆಕೆ, “ಅಯ್ಯೋ ನನ್ನ ಬುದ್ಧಿಯೇ! ಕಣ್ಣೆದುರಿಗೇ ಇದ್ದಳಲ್ಲ!” ಎಂದು ಹಣೆ ಚಚ್ಚಿಕೊಂಡರು.

ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆತ್ತವರು ಸಮುದ್ರದಾಚೆ ಸುಮಾತ್ರಾದಲ್ಲಿದ್ದರು, ಹಾಗಾಗಿ ಓಣಿಯೇ ಅಪ್ಪ, ಅಮ್ಮ, ಬಂಧು ಬಳಗವಾಯಿತು. ಮಧ್ಯಾಹ್ನದೊಳಗೆ ಹಿತ್ತಲಲ್ಲಿ ದೊಡ್ಡ ಬಾಣಲೆ ಏರಿತು. ಸಂಬಂಧ ಅಂಟಿಕೊಳ್ಳಲೆಂದು ಹೆಂಗಸರು ಅಂಟಕ್ಕಿಯ ಸಿಹಿ ಮಗುಚಿದರು. ಯಾರೋ ಎರಡು ಗೊನೆ ಬಾಳೆಹಣ್ಣು ತಂದರು. ಪಕ್ಕದ ಮನೆಯವರು ಕರೆಯದೆ ಬಂದು ಮೇಷ್ಟ್ರ ಕೂದಲು ಕತ್ತರಿಸಿದರು. ಒಂದು ಕಡೆ ಹೆಚ್ಚಾಯಿತೆಂದು ಇನ್ನೊಂದು ಕಡೆ, ಅಲ್ಲಿ ಹೆಚ್ಚಾಯಿತೆಂದು ಈ ಕಡೆ ಕತ್ತರಿಸುತ್ತಾ ಹೋಗಿ, ಕೊನೆಗೆ ಉಳಿದದ್ದನ್ನು ಪಾಕ್ ಸಮಿಂಗಾನರ ಕರಿ ಟೋಪಿಯಿಂದ ಮುಚ್ಚಬೇಕಾಯಿತು. ಟೋಪಿ ಕಿವಿಯ ತನಕ ಇಳಿಯಿತು.

“ಚೆನ್ನಾಗಿದೆ. ಹುಡುಗ ವಿನಯವಂತ ಅನ್ಸುತ್ತೆ,” ಎಂದರು ಬು ತುಕಿನಾ.

“ಅನ್ಸಿ ಏನು ಬಂತು, ಅವನು ಬರೋ ಹಾಗಿಲ್ವಲ್ಲ,” ಎಂದರು ಪಾಕ್ ಸಮಿಂಗಾನ್. ಹೆಣ್ಣು ಕೇಳಲು ಹೋಗುವಾಗ ಹಿರಿಯರಷ್ಟೇ ಹೋಗುವುದು ಪದ್ಧತಿ. ಅವರು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಾ ತಮ್ಮ ಭಾಷಣ ಉರುಹೊಡೆಯುತ್ತಿದ್ದರು. ಮೊದಲು ಮಂಜು, ಆಮೇಲೆ ಎಲೆಕೋಸಿನ ಬೆಳೆ, ಅದಾದ ಮೇಲೆ ಸೊಂಟನೋವು. “ನಿಮ್ಮ ತೋಟದಲ್ಲೊಂದು ಹೂವು ಅರಳಿದೆಯಂತೆ” ಎಂಬಲ್ಲಿಗೆ ಬರುವ ಹೊತ್ತಿಗೆ ಕೇಳಿಸಿಕೊಳ್ಳುವವರ ಕಾಫಿ ಖಾಲಿಯಾಗಿರಬೇಕು, ಅದು ಅವರ ಲೆಕ್ಕ.

ಸಂಜೆ ಮಂಜು ಇಳಿಯುತ್ತಿದ್ದಂತೆ ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ರತ್ರಿ ಇದ್ದಳು, ಹಸಿರು ಕೆಬಾಯಾ ರವಿಕೆ ತೊಟ್ಟು, ಸಿಹಿಯ ತಟ್ಟೆ ಹಿಡಿದು. ತನ್ನನ್ನು ಕೇಳಲು ಬರುವವರಿಗೆ ತಾನೇ ದಾರಿ ತೋರಿಸುವ ಹೆಣ್ಣು! ಎಂಥ ಧೈರ್ಯ, ಎಂಥ ಸರಳತೆ ಎಂದು ಮೇಷ್ಟ್ರ ಕಣ್ಣು ತುಂಬಿತು. ತಿರುವಿನಲ್ಲಿ ಅವಳು ಹಿಂತಿರುಗಿ ಹೆಬ್ಬೆರಳೆತ್ತಿ ತೋರಿಸಿದಳು. ಮೇಷ್ಟ್ರೂ ಹೆಬ್ಬೆರಳೆತ್ತಿದರು. ಟೋಪಿ ಕಣ್ಣ ಮೇಲೆ ಬಿತ್ತು.

ಕಾಯುವುದು ಎಷ್ಟು ಹಿತವಾಗಿರಬಹುದೆಂದು ಅವತ್ತೇ ಅವರಿಗೆ ತಿಳಿದದ್ದು. ಜಗಲಿಯಲ್ಲಿ ಕೂತು, ಮದುವೆಯಾದ ಮೇಲೆ ಯಾವ ಕಡೆ ಗೋಡೆಗೆ ಕನ್ನಡಿ ಹಾಕಬೇಕೆಂದು ಕೂಡ ನಿರ್ಧರಿಸಿದರು.

ಕೊನೆಗೂ ಓಣಿಯಲ್ಲಿ ನೆರಳುಗಳು ಕಂಡವು. ಬಾಳೆಗೊನೆಗಳೂ ಅವುಗಳ ಜೊತೆ ಮರಳಿ ಬರುತ್ತಿದ್ದವು. ಬೀಗರ ಮನೆಯ ಮರುಗೊಡುಗೆ ಇರಬೇಕು ಎಂದು ಮೇಷ್ಟ್ರು ಹಿಗ್ಗಿದರು. ಆದರೆ ಬು ತುಕಿನಾ ಬಂದವರೇ ಅವರ ಎರಡೂ ಕೈ ಹಿಡಿದು ಅಳಲು ಶುರುಮಾಡಿದರು.

“ಹುಡುಗ ಬಸ್ ಡ್ರೈವರಂತೆ, ಮೇಷ್ಟ್ರೇ! ಪುರ್ವೊಕೆರ್ತೊಗೆ ಹೋಗೋ ಬಸ್ಸು. ಹಬ್ಬ ಮುಗಿದ ಮೇಲೆ ಮದುವೆಯಂತೆ. ಮಾತು ಕೊಟ್ಟು ಆಗಿಬಿಟ್ಟಿದೆ.”

“ಯಾರಿಗೆ ಮದುವೆ?”

“ಇನ್ಯಾರಿಗೆ? ನಿಮ್ಮ ಪಿನುಜಿಗೆ!”

“ಯಾವ ಪಿನುಜಿ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಪಾಪ, ದುಃಖ ತಲೆಗೆ ಹತ್ತಿಬಿಟ್ಟಿದೆ,” ಎಂದರು ಪಾಕ್ ಸಮಿಂಗಾನ್ ಮೆಲ್ಲಗೆ.

“ಫೋಟೋಕಾಪಿ ಅಂಗಡಿ ಪಿನುಜಿ, ಸರ್,” ಎಂದಳು ರತ್ರಿ, ಎಳೆಯ ಮಗುವಿಗೆ ಹೇಳುವಂತೆ. “ನೀವು ಬರೆದಿದ್ರಲ್ಲ. ಅಂಗಡಿ ಜಗಲಿ ಅಂದ್ರೆ ಅವಳೇ. ದಿನಾ ಆ ಬೀದಿಗೆ ಹೋಗೋದು ಅಂದ್ರೆ ಅವಳೇ. ನಮ್ಮ ಕಿಟಕಿಯಿಂದ ಕಾಣುತ್ತಲ್ಲ, ದಿನಾ ಬಂದು ಹಾಳೆ ಹಾಳೆ ಕಾಪಿ ಮಾಡಿಸ್ತಿದ್ರಿ. ದೀಪ ಹೋದ ದಿನ ನಾನೂ ಅಲ್ಲೇ ಇದ್ದೆ. ಅವಳು ಮೇಣದಬತ್ತಿ ಹಚ್ಚಿ ತಂದಿದ್ದು ನಂಗಿನ್ನೂ ನೆನಪಿದೆ. ನೀವೂ ಇದ್ರಿ ಅಂತ ಇವತ್ತೇ ಗೊತ್ತಾಗಿದ್ದು.”

ಮೇಷ್ಟ್ರು ಟೋಪಿ ತೆಗೆದು ಚಾಪೆಯ ಮೇಲಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎನ್ನುತ್ತಾರೆ. ಇಲ್ಲಿ ದೇವರೇ ಪೂಜಾರಿಯನ್ನು ಕರೆದುಕೊಂಡು ಪಕ್ಕದ ಗುಡಿಗೆ ಹೋಗಿದ್ದ.

“ಅವಳಲ್ಲ,” ಎಂದರು ಮೇಷ್ಟ್ರು. “ನಾನು ಬರೆದಿದ್ದು ಪಿನುಜಿ ಬಗ್ಗೆ ಅಲ್ವೇ ಅಲ್ಲ.”

“ಬಿಡಿ ಮೇಷ್ಟ್ರೇ. ಸಿಗದ ದ್ರಾಕ್ಷಿ ಎಲ್ಲರಿಗೂ ಹುಳಿನೇ,” ಎಂದು ಪಾಕ್ ಸಮಿಂಗಾನ್ ಬೆನ್ನು ತಟ್ಟಿದರು.

ರತ್ರಿಯ ಕಣ್ಣು ಮಾತ್ರ ಒದ್ದೆಯಾಯಿತು. “ನೋಡಿದ್ರಾ? ಇಂಥ ಹೊತ್ತಲ್ಲೂ ಅವಳ ಮರ್ಯಾದೆ ಉಳಿಸೋಕೆ ಸುಳ್ಳು ಹೇಳ್ತಿದಾರೆ. ಸರ್, ನಂಗೆ ಯಾರಾದ್ರೂ ಅಂಥ ಮೂರು ವಾಕ್ಯ ಬರೆದಿದ್ರೆ, ಪಾಕ್ ಇನ್ನೂ ಎಲೆಕೋಸಿನ ಹತ್ರ ಇರೋವಾಗ್ಲೇ ಹೂಂ ಅಂದುಬಿಡ್ತಿದ್ದೆ.”

ಮೇಷ್ಟ್ರು ಬಾಯಿ ತೆರೆದರು. ಅದರೊಳಗೆ ಬು ತುಕಿನಾ ಸೋಯಾಕಾಳಿನ ಬಿಸಿ ಬಿಸಿ ತೆಂಪೆ ತುರುಕಿದರು. “ತಿನ್ನಿ. ಹೊಟ್ಟೆ ತುಂಬಿದ್ರೆ ಎದೆ ಭಾರ ಇಳಿಯುತ್ತೆ.”

ಎಷ್ಟೋ ಹೊತ್ತಿನ ಮೇಲೆ ನುಂಗಿ ಮುಗಿಸಿ, “ಮುಂದಿನ ಭಾನುವಾರವೂ ಇದೇ ಪಾಠ ಮಾಡ್ತೀನಿ. ನಿಮಗ್ಯಾರಿಗೂ ಸರಿಯಾಗಿ ಅರ್ಥ ಆಗಿಲ್ಲ,” ಎಂದರು ಮೇಷ್ಟ್ರು. ಈ ಸಲ ಕೊಡೆಯನ್ನೂ ಚಪ್ಪಲಿಯನ್ನೂ ಸೇರಿಸಿಯೇ ಬರೆಯಬೇಕೆಂದು ಅವರು ಆಗಲೇ ಲೆಕ್ಕ ಹಾಕಿದ್ದರು.

“ಅದೆಲ್ಲ ಆಗಲ್ಲ!” ಎಂದರು ಬು ತುಕಿನಾ. “ಬೇರೆಯವನ ಜೊತೆ ಮದುವೆ ಗೊತ್ತಾದ ಹುಡುಗಿ ಬಗ್ಗೆ ನನ್ನ ಜಗಲೀಲಿ ಇನ್ನೊಂದು ಅಕ್ಷರ ಬರೆಯೋ ಹಾಗಿಲ್ಲ. ನಿಮ್ಮ ಮನಸ್ಸು ತಿಳಿಯಾಗೋ ತನಕ ಆ ಜಾನನ ಅತ್ತೆನೇ ಇರ್ಲಿ. ಪಾಪ, ಯಾರ ತಂಟೆಗೂ ಹೋಗದ ಹೆಂಗಸು.”

ರತ್ರಿ ಎದ್ದು, ಮೂರು ವಾಕ್ಯಗಳನ್ನೂ ಕೆಬಾಯಾದ ತೋಳಿನಿಂದ ಅಕ್ಕರೆಯಿಂದ ಒರೆಸಿದಳು. ಸೀಮೆಸುಣ್ಣ ತೆಗೆದುಕೊಂಡು ದುಂಡು ಅಕ್ಷರದಲ್ಲಿ ಜಾನನ ಅತ್ತೆಯನ್ನು ಮತ್ತೆ ಬರೆದಳು. “ಎಲ್ಲರೂ ಜೋರಾಗಿ ಹೇಳಿ, ಸರ್‌ಗೆ ಸಮಾಧಾನ ಆಗ್ಲಿ,” ಎಂದು ಅವರ ಪಕ್ಕದಲ್ಲೇ, ಅದೇ ಚಾಪೆಯ ಮೇಲೆ ಬಂದು ಕೂತಳು.

ಇಡೀ ಓಣಿ ಒಕ್ಕೊರಲಿನಿಂದ ಓದಿತು. ಇನ್ನೊಂದು ತೆಂಪೆ ಕೈಗೆತ್ತಿಕೊಂಡು ಕುಂಚೊರೊ ಮೇಷ್ಟ್ರೂ ಅವರ ಜೊತೆ ಓದಿದರು.