ಬೆರಳಿನ ಸಾಕ್ಷಿ, ತೋಳಿನ ಸಾಕ್ಷಿ

ಸೂಜಿಗೆ ಹೆದರುವ ಗಂಡಸರು ಲೋಕದಲ್ಲಿ ಕಡಿಮೆಯೇನಿಲ್ಲ; ಒಪ್ಪಿಕೊಳ್ಳುವವರು ಕಡಿಮೆ, ಅಷ್ಟೆ. ಬ್ಯಾಂಕಿನ ಕೆಲಸದಲ್ಲಿ ಔರಂಗಾಬಾದು, ನಾಸಿಕ್ ಎಂದು ವರ್ಗವಾಗುತ್ತ ಎಂತೆಂಥ ಇನ್‌ಸ್ಪೆಕ್ಷನ್ನುಗಳನ್ನು ಎದುರಿಸಿದವನು ನಾನು. ಸಕ್ಕರೆ ಕಾಯಿಲೆ ಬಂದ ಮೇಲೆ ಮಾತ್ರ, ದಿನಾ ಸ್ನಾನವಾದೊಡನೆ ಬೆರಳು ಚುಚ್ಚಿಸಿಕೊಳ್ಳುವಾಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ. ಚುಚ್ಚುವವಳು ಹೆಂಡತಿ ಸುಮಿತ್ರಾ, ಧಾರವಾಡದವಳು. ಸಂಸಾರದ ಹಳೆಯ ಸಿಟ್ಟನ್ನೆಲ್ಲ ಅವಳು ಆ ಒಂದು ಹನಿಯಲ್ಲಿ ತೀರಿಸಿಕೊಳ್ಳುತ್ತಾಳೆಂದು ನನ್ನ ಗುಮಾನಿ.

ಹಾಗಾಗಿ, ತೋಳಿಗೆ ಅಂಟಿಸುವ ಸೆನ್ಸರ್ ಬಂದಿದೆ, ಎರಡು ವಾರ ತಾನೇ ಸಕ್ಕರೆ ನೋಡಿ ಒಂದು ಪುಟ್ಟ ಡಬ್ಬಿಯಲ್ಲಿ ಅಂಕಿ ತೋರಿಸುತ್ತಿರುತ್ತದೆ ಎಂದು ಡಾಕ್ಟರು ಹೇಳಿದಾಗ ಕೂಡಲೇ ತೋಳು ಚಾಚಿದೆ. ನಾಸಿಕ್ಕಿಗೆ ಅದಾಗ ಹೊಸದು. ಅಂಟಿಸಿಯಾದ ಮೇಲೆ ಅವರು ಉಳಿದದ್ದನ್ನು ಹೇಳಿದರು. ಸೆನ್ಸರ್ ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ನೀರನ್ನು; ರಕ್ತದ ಸುದ್ದಿ ಅದಕ್ಕೆ ಹತ್ತು-ಹದಿನೈದು ನಿಮಿಷ ತಡವಾಗಿ ಮುಟ್ಟುತ್ತದೆ; ಆದ್ದರಿಂದ ನಡುನಡುವೆ ಬೆರಳೂ ಚುಚ್ಚಿ ತಾಳೆ ನೋಡಬೇಕು. ಅಂಕಿ ನೆಟ್ಟಗಿರದಿದ್ದರೆ ಇನ್ಸುಲಿನ್, ಅಂದರೆ ದಿನಾ ಹೊಟ್ಟೆಗೆ ಸೂಜಿ.

ಆ ನಡುವೆಯೇ ಸಂಕ್ರಾಂತಿ ಬಂತು. ಅವತ್ತು ನಾಸಿಕ್ಕಿನಲ್ಲಿ ಸಿಕ್ಕವರೆಲ್ಲ ಅಂಗೈಗೆ ಎಳ್ಳು-ಬೆಲ್ಲದ ಲಾಡು ಇಟ್ಟು, ಸಿಹಿ ಮಾತಾಡಿ ಎನ್ನುತ್ತಾರೆ. ಬೇಡವೆಂದರೆ ಜಗಳ ಬಯಸಿದಂತೆ. ನಾನು ಕೊಟ್ಟದ್ದನ್ನೆಲ್ಲ ತೆಗೆದುಕೊಂಡೆ, ಅದೇ ಕೈಯಿಂದ ಬೇರೆಯವರಿಗೆ ಹಂಚಿದೆ, ಉಳಿದದ್ದನ್ನು ಜೇಬಿಗೆ ಹಾಕಿದೆ. ಬೆರಳನ್ನು ನೆಕ್ಕಲಿಲ್ಲ ಕೂಡ. ಸಂಜೆ ಮನೆಯ ಹೊಸ್ತಿಲು ದಾಟಿದೊಡನೆ ಸುಮಿತ್ರಾ ಬೆರಳು ಹಿಡಿದಳು. ಸೆನ್ಸರ್ ನೂರಾ ನಲವತ್ತು ಎನ್ನುತ್ತಿತ್ತು, ಬೆರಳು ಮುನ್ನೂರು ದಾಟಿತ್ತು.

"ಎಷ್ಟು ತಿಂದ್ರಿ?"

"ಒಂದೂ ತಿಂದಿಲ್ಲ. ಬೇಕಾದ್ರ ಆಣಿ ಮಾಡ್ತೀನಿ."

"ತೋಳಿನ ನೀರು ಏನರ ಹೇಳ್ಲಿ, ರಕ್ತ ಸುಳ್ಳ ಹೇಳೂದಿಲ್ಲರಿ."

ಹಾಗೇ ಡಾಕ್ಟರ ಬಳಿ ಕರೆದೊಯ್ದಳು. ಅವರ ಬಾಯಿಂದ ಇನ್ಸುಲಿನ್ ಎಂಬ ಶಬ್ದ ಹೊರಡುವ ಮೊದಲೇ ನಾನು ಬಂದಷ್ಟು ಮರಾಠಿಯಲ್ಲಿ ಸೆನ್ಸರಿನ ವಕೀಲಿ ಮಾಡಿದೆ. ಇದು ಹಗಲೂ ರಾತ್ರಿ ನನ್ನ ಮೈಮೇಲೇ ಇದೆ, ಇದು ಸುಳ್ಳು ಹೇಳುವುದಿಲ್ಲ ಎಂದೆ. ಡಾಕ್ಟರು ನನ್ನ ಬೆರಳನ್ನು ಮುಟ್ಟಿ ನೋಡಿ, ಕೈ ತೊಳೆದಿದ್ದಿರಾ ಎಂದು ಕೇಳಿದರು. ಸೋಪು ಹಚ್ಚಿ ತೊಳೆಸಿ ಮತ್ತೆ ಚುಚ್ಚಿದರು. ನೂರಾ ಐವತ್ತು. ಬೆರಳಿಗೆ ಮೆತ್ತಿದ್ದ ಬೆಲ್ಲ ರಕ್ತದ ಹನಿಯಲ್ಲಿ ಬೆರೆತಿತ್ತು.

"ತಪ್ಪಾತ್ರಿ" ಎಂದಳು ಸುಮಿತ್ರಾ, ದಾರಿಯಲ್ಲಿ. ಈ ಮಾತು ನಮ್ಮ ಮನೆಯಲ್ಲಿ ಸಂಕ್ರಾಂತಿಯಷ್ಟು ಸಲವೂ ಬರುವುದಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ಹುಮ್ಮಸ್ಸಿನಲ್ಲಿ ಹಾಲು ತರಲು ಹೋದವನು ಜೇಬಿನ ಲಾಡುಗಳನ್ನು ಮುಗಿಸಿ ಬಂದೆ. ಬಂದು ನೋಡಿದರೆ ಸೆನ್ಸರ್ ಏನೂ ತಿಳಿಯದ ಹಾಗೆ ಹಳೆಯ ಅಂಕಿಯನ್ನೇ ತೋರಿಸುತ್ತಿತ್ತು. ಅದು ತಡ ಮಾಡುತ್ತದೆಯೇ ಹೊರತು ಮರೆಯುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಊಟಕ್ಕೆ ಬಡಿಸುವ ಮೊದಲು ಸುಮಿತ್ರಾ ಸೆನ್ಸರಿನ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು. ಅದರ ಮೇಲಿನ ಸಕ್ಕರೆಯ ಗೆರೆ ದೌಲತಾಬಾದಿನ ಕೋಟೆಗುಡ್ಡದಂತೆ ಎದ್ದು ನಿಂತಿತ್ತು.

"ಮಶೀನ್ ತಪ್ಪಿರಬೇಕು" ಎಂದೆ.

"ಡಾಕ್ಟರ ಮುಂದ ನೀವ ಹೇಳೀರಲ್ಲ, ಇದು ಸುಳ್ಳ ಹೇಳೂದಿಲ್ಲಂತ?"

ಬೇರೆ ದಾರಿ ಕಾಣದೆ, ಹುಟ್ಟಿದಾಗಿನಿಂದ ಮೊದಲ ಸಲ ನಾನಾಗಿಯೇ ಬೆರಳು ಚಾಚಿ, ಚುಚ್ಚಿ ನೋಡು ಎಂದೆ.

"ಮೊದ್ಲ ಕೈ ತೊಳಕೊಂಡ ಬರ್ರಿ."

"ಹಾಲು ತಂದ ಕೂಡ್ಲೇ ತೊಳ್ದೀನಿ. ಸೋಪ್ ಹಚ್ಚಿ."

"ಹಾಲು ತರ್ಲಿಕ್ಕೆ ಹೋದವ್ರು ಸೋಪ್ ಹಚ್ಚಿ ಯಾಕ ತೊಳ್ಕೊಂಡ್ರಿ?"

ಎಳ್ಳು-ಬೆಲ್ಲ ತಿಂದವರು ಸಿಹಿ ಮಾತಾಡಬೇಕಂತೆ. ಅಷ್ಟು ತಿಂದಿದ್ದರೂ ನಾನು ಬೆರಳನ್ನು ಅವಳ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿದೆ.