ಡೌವೆ ಅಕ್ಕನಿಗೆ ಕೊಟ್ಟ ಚಳಿ

ಚಳಿಯನ್ನು ಒಳಗೆ ಬಿಡದ ಜೋಡಿ ಗಾಜಿನ ಕಿಟಕಿ ಕಂಡುಹಿಡಿದವನ ಮೇಲೆ ಡೌವೆಗೆ ಕೆಂಡದಂಥ ಕೋಪ. ಡಚ್ಚರ ನಾಡಿನ ಫ್ರೀಸ್‌ಲ್ಯಾಂಡಿನ ಜನವರಿ ಬೆಳಗುಗಳು ಆ ಪುಣ್ಯಾತ್ಮನಿಂದಲೇ ಹಾಳಾದವು ಎಂಬುದು ಅವನ ಅಚಲ ಸಿದ್ಧಾಂತ. ಅಮ್ಮನ ಕಾಲದಲ್ಲಿ ಎದ್ದು ನೋಡಿದರೆ ಗಾಜಿನ ತುಂಬ ಮಂಜಿನ ಹೂಗಳು! ಬಾಯಿಂದ ಊದಿ ಊದಿ ಅದರಲ್ಲೊಂದು ತೂತು ಮಾಡಿ, ಹೆಪ್ಪುಗಟ್ಟಿದ ಕಾಲುವೆಯನ್ನು ನೋಡುವ ಸುಖವೇ ಸುಖ! ಈಗೇನಿದೆ? ಬೆಚ್ಚಗಿನ ಮನೆ. (ಥೂ!)

ಅಕ್ಕ ಹಿಸ್ಕೆ ನಲವತ್ತು ವರ್ಷಗಳ ಮೇಲೆ ಆಸ್ಟ್ರೇಲಿಯಾದಿಂದ ಬಂದಾಗ, ಅವಳಿಗೆ ಆ ಬೆಳಗನ್ನೇ ಉಡುಗೊರೆ ಕೊಡಬೇಕೆಂದು ಅವನು ಪಣ ತೊಟ್ಟ. ತನ್ನ ಜೊತೆ ಅಮ್ಮನ ಮನೆಯನ್ನು ಕಂಡವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ವಯಸ್ಸು ಎಪ್ಪತ್ತೇಳು, ಇನ್ನೊಮ್ಮೆ ಬರುತ್ತಾಳೆಂದು ಏನು ಖಾತ್ರಿ? ಹೀಟರ್ ಆರಿಸಿ, ಮಹಡಿಯ ಕಿಟಕಿಗಳನ್ನೆಲ್ಲ ಹಾರುಹೊಡೆದ.

“ಏನ್ರೀ, ನಿಮ್ಮಕ್ಕನ್ನ ಮೀನಿನ ಥರ ಕೆಡದ ಹಾಗೆ ಇಡ್ತಿದ್ದೀರಾ?” ಎಂದಳು ಹೆಂಡತಿ ಮಾರ್ಟ್ಯೆ.

“ನಿನಗೇನು ಗೊತ್ತು? ಅಕ್ಕ ಒಂದು ಮಾತಾದ್ರೂ ಆಡಿದಾಳಾ?”

ನಿಜ, ಆಡಿರಲಿಲ್ಲ. ಮೂರನೆಯ ಬೆಳಿಗ್ಗೆ ಹಿಸ್ಕೆ ಕೋಟಿನ ಮೇಲೆ ಎರಡು ಶಾಲು ಸುತ್ತಿಕೊಂಡು, ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದಳು. ಮೂಗು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

“ನೆನಪಿದ್ಯಾ ಅಕ್ಕ?” ಎಂದ ಡೌವೆ, ಕಣ್ಣು ತೇವ ಮಾಡಿಕೊಂಡು. “ಆಗ ಎಂಥಾ ಚಳೀಲೂ ಕಾಲುಚೀಲ ಹಾಕ್ಕೊಂಡ್ರೆ ಬಿಸಿಬಿಸಿ! ಆಗಿನ ಉಣ್ಣೆಯೇ ಹಾಗೆ.”

ಹಿಸ್ಕೆ ಬಟ್ಟಲು ಕೆಳಗಿಟ್ಟಳು.

“ಉಣ್ಣೆಯಾ? ಲೋ ದಡ್ಡ, ಐದಕ್ಕೆದ್ದು ಒಲೆ ಹಚ್ಚಿ, ನಿನ್ನ ಕಾಲುಚೀಲ, ಚಡ್ಡಿ ಎಲ್ಲ ಒಲೆ ಮೇಲಿನ ಕಂಬಿಗೆ ಹಾಕ್ತಿದ್ದೋಳು ನಾನು ಕಣೋ!”

“ಅಮ್ಮ?”

“ಅಮ್ಮ ಕೊಟ್ಟಿಗೇಲಿ ಹಾಲು ಕರೀತಿದ್ಲು. ಬಕೀಟಿನ ನೀರು ಕಲ್ಲಾಗಿರ್ತಿತ್ತು, ಒಡೆದೂ ಒಡೆದೂ ನನ್ನ ಬೆರಳೆಲ್ಲ ಬಿರೀತಿತ್ತು. ನೀನು ಎಂಟೂವರೆಗೆ ಎದ್ದು ಹೂ ನೋಡ್ತಿದ್ದೆ. ಆ ಚಳಿಗೆ ಹೆದರಿಯೇ ಅಲ್ವೇನೋ ನಾನು ಭೂಮಿಯ ಆ ತುದಿಗೆ ಓಡಿದ್ದು?”

ಡೌವೆಯ ಮುಖ ಸಣ್ಣದಾಯಿತು. ಅರವತ್ತು ವರ್ಷ ತಾನು ಹಂಬಲಿಸಿದ ಬೆಳಗಿನ ಕಷ್ಟವನ್ನೆಲ್ಲ ಇನ್ನೊಬ್ಬಳು ಅನುಭವಿಸಿದ್ದಳಲ್ಲ ಎಂದು ನಾಚಿಕೆಯಾಯಿತು.

“ಮತ್ತೆ ಮೂರು ದಿನ ಯಾಕೆ ಸುಮ್ನಿದ್ದೆ?”

“ನಿನಗೆ ಖುಷಿಯಾಗಿತ್ತಲ್ಲಪ್ಪ.”

“ನಾಳೆ ನೀನು ಹಾಸಿಗೆ ಬಿಟ್ಟು ಏಳಕೂಡದು. ಐದಕ್ಕೆ ನಾನೇ ಎದ್ದು ಮನೆ ಬೆಚ್ಚಗೆ ಮಾಡಿ, ಗಂಜಿ ಕಾಸಿ, ಆಮೇಲೆ ನಿನ್ನನ್ನ ಕರೀತೀನಿ. ಆಣೆ!” ಎಂದು ಡೌವೆ ಘೋಷಿಸಿದ. ಒಂದಕ್ಕೆ ಎರಡು ಅಲಾರಂ ಇಟ್ಟುಕೊಂಡು ಮಲಗಿದ.

ಕಣ್ಣು ಬಿಟ್ಟಾಗ ಕೋಣೆಯಲ್ಲಿ ಬಿಸಿಲಿತ್ತು. ಜನವರಿಯಲ್ಲಿ ಬಿಸಿಲು ಎಂದರೆ ಒಂಬತ್ತಂತೂ ಹೊಡೆದಿರಬೇಕು. ಎದ್ದೆನೋ ಬಿದ್ದೆನೋ ಎಂದು ಕೆಳಗಿಳಿದ. ಅಡುಗೆಮನೆ ಬೆಚ್ಚಗಿತ್ತು. ಹಿಸ್ಕೆ ಗಂಜಿ ಕಲಕುತ್ತಿದ್ದಳು.

“ಎರಡು ಗಡಿಯಾರ ಬಡ್ಕೊಂಡ್ರೂ ಇವರ ಗೊರಕೆ ನಿಲ್ಲಲಿಲ್ಲ” ಎಂದಳು ಮಾರ್ಟ್ಯೆ.

“ಎಬ್ಬಿಸೋಣ ಅಂತಲೇ ಬಾಗಿಲ ತನಕ ಬಂದಿದ್ದೆ” ಎಂದಳು ಹಿಸ್ಕೆ, ಅವನ ತಟ್ಟೆಗೆ ಬಡಿಸುತ್ತ. “ನೀನು ಮುದುರಿ ಮಲಗಿದ್ದೆ. ಪಾಪ, ಮಗು, ಇನ್ನೊಂಚೂರು ಮಲಗ್ಲಿ ಅನ್ನಿಸ್ತು.”

“ಅರವತ್ತೆಂಟು ವರ್ಷದ ಮಗು!” ಎಂದಳು ಮಾರ್ಟ್ಯೆ.

ಡೌವೆ ಕುರ್ಚಿ ಎಳೆದುಕೊಂಡು ಕೂತ. “ಅಕ್ಕ, ನಾಳೆ ಮಾತ್ರ ಖಂಡಿತ…” ಎಂದ.

ಇಬ್ಬರು ಹೆಂಗಸರೂ ಒಟ್ಟಿಗೇ ನಕ್ಕರು.